ಮುಚ್ಚಳವಿಲ್ಲದ ಡ್ರಮ್ಮು ಮತ್ತು ನೆರೆಯವರ ಹಕ್ಕು



ಸತ್ಯವಿಶ್ವಾಸಿಯ ದಿನಚರಿಯಲ್ಲಿ ನೀರಿಗಿರುವ ಸ್ಥಾನ ಬಹಳ ದೊಡ್ಡದು. ನಮಾಝಿಗೆ ವುಝೂ, ಜುಮಾಕ್ಕೆ ಸ್ನಾನ, ಕೊನೆಗೆ ಮಯ್ಯಿತ್‌ಗೂ ಸ್ನಾನ. ಜೀವವಿರುವ ಸಕಲವನ್ನೂ ನೀರಿನಿಂದ ಉಂಟುಮಾಡಲಾಗಿದೆಯೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಶುಚಿತ್ವವು ವಿಶ್ವಾಸದ ಅರ್ಧಭಾಗವೆಂದು ಪ್ರವಾದಿವರ್ಯರು(ಸ) ಕಲಿಸಿದ್ದು ನಮ್ಮ ಮಕ್ಕಳಿಗೂ ಬಾಯಿಪಾಠವಾಗಿದೆ. ಆದರೆ ನಮ್ಮ ಶುಚಿತ್ವಕ್ಕೆಂದು ಹಿಡಿದಿಟ್ಟ ಅದೇ ನೀರು ನೆರೆಮನೆಯ ಮಗುವಿನ ಜ್ವರಕ್ಕೆ ಕಾರಣವಾದರೆ, ಆ ಶುಚಿತ್ವವನ್ನು ಏನೆಂದು ಕರೆಯೋಣ?

ನಮ್ಮ ಬಳ್ಳಾರಿ ಬಿಸಿಲ ನಾಡು. ತುಂಗಭದ್ರೆಯ ಕಾಲುವೆ ನೀರು ಅಲ್ಲೀಪುರದ ಕೆರೆಯಲ್ಲಿ ತುಂಬಿ, ಅಲ್ಲಿಂದ ನಗರದ ನಲ್ಲಿಗಳಿಗೆ ಬರುತ್ತದೆ. ಸಿರುಗುಪ್ಪ, ಕುರುಗೋಡು ಕಡೆಯ ಭತ್ತದ ಗದ್ದೆಗಳಿಗೂ ತುಂಗಭದ್ರೆಯೇ ಆಸರೆ. ಬೇಸಿಗೆಯಲ್ಲಿ ಕಾಲುವೆ ನಿಲ್ಲುತ್ತದೆ. ನಲ್ಲಿಯೂ ದಿನಾ ಬರುವುದಿಲ್ಲ. ಆದ್ದರಿಂದ ಡ್ರಮ್ಮು, ತೊಟ್ಟಿ, ಸಂಪು, ಕೊಡಗಳಲ್ಲಿ ನೀರು ತುಂಬಿಡುವುದು ಇಲ್ಲಿ ಅನಿವಾರ್ಯ. ತುಂಬಿಡುವುದು ತಪ್ಪಲ್ಲ, ಮುಚ್ಚದೆ ಬಿಡುವುದು ತಪ್ಪು.

ಡೆಂಗಿ ಜ್ವರವನ್ನು ಹರಡುವ ಈಡಿಸ್ ಸೊಳ್ಳೆ ಚರಂಡಿಗಿಂತ ಹೆಚ್ಚಾಗಿ ಮನೆಯ ತಿಳಿನೀರಿನಲ್ಲೇ ಮೊಟ್ಟೆಯಿಡುತ್ತದೆ. ಡ್ರಮ್ಮು, ಏರ್ ಕೂಲರಿನ ತಳ, ತಾರಸಿಯ ಮೇಲೆ ಬಿಸಾಡಿದ ಟೈರು, ಹೂಕುಂಡದ ತಟ್ಟೆ ಅದಕ್ಕೆ ಸಾಕು. ಮೊಟ್ಟೆ ಹುಳುವಾಗಿ, ಹುಳು ಸೊಳ್ಳೆಯಾಗಿ ಹಾರಲು ಸುಮಾರು ಎಂಟು ಹತ್ತು ದಿನ ಹಿಡಿಯುತ್ತದೆ. ನೀರು ಚೆಲ್ಲಿದರೂ ಪಾತ್ರೆಯ ಗೋಡೆಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿಯೂ ಬದುಕಿರುತ್ತದೆ. ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿ, ಒಳಗೋಡೆಯನ್ನು ಚೆನ್ನಾಗಿ ಉಜ್ಜಿ, ಒಣಗಿಸಿ, ಮತ್ತೆ ತುಂಬಿ ಮುಚ್ಚಬೇಕು. ಮುಚ್ಚಳವಿಲ್ಲದಿದ್ದರೆ ಬಟ್ಟೆ ಕಟ್ಟಿದರೂ ಆಯಿತು.

ರಾತ್ರಿ ಮಲಗುವ ಮುನ್ನ ಪಾತ್ರೆಗಳನ್ನು ಮುಚ್ಚಿರಿ, ಏನೂ ಸಿಗದಿದ್ದರೆ ಒಂದು ಕಡ್ಡಿಯನ್ನಾದರೂ ಅಡ್ಡವಿಡಿರಿ ಎಂದು ಪ್ರವಾದಿವರ್ಯರು(ಸ) ಆದೇಶಿಸಿದ್ದಾರೆ. ನಿಂತ ನೀರಿನಲ್ಲಿ ಮೂತ್ರ ಮಾಡುವುದನ್ನು ತಡೆದಿದ್ದಾರೆ. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದನ್ನು ಈಮಾನಿನ ಒಂದು ಶಾಖೆಯೆಂದು ಎಣಿಸಿದ್ದಾರೆ. ಯಾರ ಉಪದ್ರವದಿಂದ ನೆರೆಯವನು ಸುರಕ್ಷಿತನಲ್ಲವೋ ಅಂಥವನ ವಿಶ್ವಾಸವೇ ಪೂರ್ಣವಲ್ಲವೆಂದೂ ಎಚ್ಚರಿಸಿದ್ದಾರೆ. ಉಪದ್ರವವೆಂದರೆ ಬರೀ ಜಗಳ, ಬೈಗುಳವೇ? ನಮ್ಮ ಡ್ರಮ್ಮಿನಲ್ಲಿ ಹುಟ್ಟಿದ ಸೊಳ್ಳೆ ಪಕ್ಕದ ಮನೆಯ ತೊಟ್ಟಿಲಿನ ಮಗುವನ್ನು ಕಚ್ಚಿದರೆ ಅದೂ ಉಪದ್ರವವೇ. ಆ ನೆರೆಯವರು ಮುಸ್ಲಿಮರಾಗಿರಲಿ, ಇತರರಾಗಿರಲಿ, ಹಕ್ಕು ಒಂದೇ.

ಕರ್ನಾಟಕ ಸರ್ಕಾರವು 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು. ದಂಡ ಕಟ್ಟಿದರೆ ಕಾನೂನಿನ ಲೆಕ್ಕ ಮುಗಿಯಬಹುದು. ದಾಸರ ಹಕ್ಕಿನ ಲೆಕ್ಕ ಅಲ್ಲಿಗೆ ಮುಗಿಯುವುದೇ?

"ಎಲ್ಲವೂ ವಿಧಿ, ಬರುವುದು ಬಂದೇ ಬರುತ್ತದೆ" ಎನ್ನುವವರಿದ್ದಾರೆ. ಶಾಮ್ ಪ್ರಾಂತ್ಯದಲ್ಲಿ ಪ್ಲೇಗು ಹಬ್ಬಿದ್ದು ತಿಳಿದು ಹಝ್ರತ್ ಉಮರ್(ರ) ದಾರಿಯಿಂದಲೇ ಹಿಂದಿರುಗಿದಾಗ, ಅಲ್ಲಾಹನ ವಿಧಿಯಿಂದ ಓಡುವಿರಾ ಎಂಬ ಪ್ರಶ್ನೆ ಎದ್ದಿತು. ತಾವು ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯೆಡೆಗೆ ಹೋಗುತ್ತಿರುವುದಾಗಿ ಅವರು ಉತ್ತರಿಸಿದರು. ಒಂಟೆಯನ್ನು ಕಟ್ಟಿ ಆಮೇಲೆ ಭರವಸೆಯಿಡು ಎಂಬುದೇ ಪ್ರವಾದಿವರ್ಯರ(ಸ) ಬೋಧನೆ. ಡ್ರಮ್ಮನ್ನು ಮುಚ್ಚುವುದೂ ತವಕ್ಕುಲ್‌ನ ಭಾಗವೇ.

ಇನ್ನು ಸಿರುಗುಪ್ಪ, ಕುರುಗೋಡಿನ ಮಾತು. ಭತ್ತದ ಗದ್ದೆಯ ನಿಂತ ನೀರಿನಲ್ಲಿ ಬೆಳೆಯುವ ಕ್ಯುಲೆಕ್ಸ್ ಜಾತಿಯ ಸೊಳ್ಳೆಯಿಂದ ಮಿದುಳು ಜ್ವರ ಬರುತ್ತದೆ. ಈ ರೋಗದ ವೈರಸ್ಸು ಬೆಳ್ಳಕ್ಕಿಯಂಥ ನೀರುಹಕ್ಕಿಗಳಲ್ಲಿ ಮತ್ತು ಹಂದಿಗಳಲ್ಲಿ ಇದ್ದು ಸೊಳ್ಳೆಯ ಮೂಲಕ ಮನುಷ್ಯರಿಗೆ ದಾಟುತ್ತದೆ. ಎಲ್ಲವನ್ನೂ ಹಂದಿ ಸಾಕುವವರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಸುಲಭ. ಡೆಂಗಿಗೆ ಹಂದಿ ಬೇಕಿಲ್ಲ, ನಮ್ಮ ಮನೆಯ ತೊಟ್ಟಿ ಸಾಕು ಎಂಬುದನ್ನು ಮರೆಯದಿರೋಣ. ಮಿದುಳು ಜ್ವರ ತಗಲಿದ ಮಗು ಉಳಿದರೂ ಮಾತು, ನಡೆ, ಬುದ್ಧಿ ಕುಂದಬಹುದು. ಅದನ್ನು ತಡೆಯುವ ಲಸಿಕೆಯನ್ನು ಮಗುವಿಗೆ 9 ತಿಂಗಳು ತುಂಬಿದಾಗ ಒಮ್ಮೆ, 16ರಿಂದ 24 ತಿಂಗಳೊಳಗೆ ಮತ್ತೊಮ್ಮೆ ಸರ್ಕಾರವೇ ಉಚಿತವಾಗಿ ಹಾಕುತ್ತದೆ. ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದಾಗ ಗಾಳಿಮಾತು ಕೇಳಿ ಮಗುವನ್ನು ಒಳಗೆ ಬಚ್ಚಿಡುವ ತಾಯಂದಿರೇ, ಮಗು ಅಲ್ಲಾಹನ ಅಮಾನತ್ತು. ಆ ಅಮಾನತ್ತನ್ನು ಹೇಗೆ ಕಾಪಾಡಿದಿರೆಂದು ನಾಳೆ ಕೇಳಲಾಗುವುದು.

ಜ್ವರ ಬಂದಾಗ ಏನು ಮಾಡಬೇಕು? ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಔಷಧಿಯನ್ನಿರಿಸಿದ್ದಾನೆ, ಚಿಕಿತ್ಸೆ ಮಾಡಿಸಿಕೊಳ್ಳಿರಿ ಎಂದು ಪ್ರವಾದಿವರ್ಯರು(ಸ) ಹೇಳಿರುವರು. ದುಆ ಮಾಡಿರಿ, ಜೊತೆಗೆ ರಕ್ತಪರೀಕ್ಷೆಯನ್ನೂ ಮಾಡಿಸಿರಿ. ಓದಿಲ್ಲದ ವೈದ್ಯರ ಬಳಿ ಸೂಜಿ ಚುಚ್ಚಿಸಿಕೊಂಡು ದಿನ ಕಳೆಯಬೇಡಿ. ಡೆಂಗಿಯ ಶಂಕೆಯಿದ್ದಾಗ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆ ನುಂಗಿದರೆ ರಕ್ತಸ್ರಾವದ ಅಪಾಯ ಹೆಚ್ಚು. ಜ್ವರ ಇಳಿಯಿತೆಂದು ನಿಶ್ಚಿಂತರಾಗಬೇಡಿ, ಅಪಾಯ ಕಾಣಿಸಿಕೊಳ್ಳುವುದು ಎಷ್ಟೋ ಸಲ ಆಗಲೇ. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಂಕುತನ ಕಂಡರೆ ಕೂಡಲೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ, ಅಗತ್ಯವಿದ್ದರೆ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ.

ನೀರು ಕ್ರಮವಾಗಿ ಬಿಡುವುದು, ಚರಂಡಿ ತೆಗೆಸುವುದು ಪಾಲಿಕೆ, ಪುರಸಭೆಗಳ ಹೊಣೆ. ಅದನ್ನು ಸಭ್ಯವಾಗಿ, ಬಿಡದೆ ಕೇಳುವುದು ನಮ್ಮ ಹೊಣೆ. ಮೊಹಲ್ಲಾದ ಮಸೀದಿ ಸಮಿತಿ ಮುಂದೆ ನಿಂತು, ನೆರೆಯ ಹಿಂದೂ ಸಹೋದರರನ್ನೂ ಕೂಡಿಕೊಂಡು ಅರ್ಜಿ ಕೊಟ್ಟರೆ ಆ ಕೇಳಿಕೆಗೆ ಬಲ ಬರುತ್ತದೆ. ಅದಕ್ಕೆ ಮೊದಲು ಮಸೀದಿಯ ಹೌಝ್ ಶುಚಿಯಾಗಿದೆಯೇ, ಮೇಲಿನ ಟ್ಯಾಂಕಿಗೆ ಮುಚ್ಚಳವಿದೆಯೇ ನೋಡೋಣ. ಜುಮಾಕ್ಕೆ ಸ್ನಾನ ಮಾಡುವ ದಿನವನ್ನೇ ಡ್ರಮ್ಮು ಉಜ್ಜುವ ದಿನವನ್ನಾಗಿ ಮಾಡಿಕೊಂಡರೆ ವಾರದ ಲೆಕ್ಕ ತಪ್ಪುವುದಿಲ್ಲ. ಈ ಕೆಲಸವನ್ನು ಮನೆಯ ಹೆಂಗಸರ ಮೇಲಷ್ಟೇ ಹೊರಿಸಬೇಡಿ. ಮನೆಗೆಲಸದಲ್ಲಿ ಕೈಜೋಡಿಸುವುದು ಪ್ರವಾದಿವರ್ಯರ(ಸ) ಸುನ್ನತ್ತೇ ಆಗಿದೆ.

ನಮ್ಮ ಕೈಯಿಂದಲೂ ನಮ್ಮ ಅಲಕ್ಷ್ಯದಿಂದಲೂ ಯಾವ ನೆರೆಯವರಿಗೂ ಕೇಡಾಗದಂತೆ ಅಲ್ಲಾಹನು ನಮ್ಮನ್ನು ಕಾಪಾಡಲಿ. ರೋಗಿಗಳಿಗೆ ಶಿಫಾ ದಯಪಾಲಿಸಲಿ. ಆಮೀನ್.