ಸಣ್ಣ ಕಿರಿಕಿರಿ, ದೊಡ್ಡ ಪರೀಕ್ಷೆ

ಮನೆಯಲ್ಲಿ ಸಾವು ಸಂಭವಿಸಿದಾಗ ನಾವು 'ಇನ್ನಾ ಲಿಲ್ಲಾಹಿ' ಎನ್ನುತ್ತೇವೆ. ಸಹನೆಯನ್ನು ನೆನಪಿಸುವವರೂ ಸುತ್ತ ಇರುತ್ತಾರೆ. ಆದರೆ ಚಹಾಕ್ಕೆ ಸಕ್ಕರೆ ಕಡಿಮೆಯಾದಾಗ, ನಮಾಝ್‌ಗೆ ಹೊರಟ ಹೊತ್ತಿನಲ್ಲಿ ಒಂದು ಕಾಲಿನ ಚಪ್ಪಲಿ ಸಿಗದಿದ್ದಾಗ, ಪತ್ರಿಕೆ ಓದುತ್ತಿರುವಾಗ ಮಗು ಹತ್ತನೇ ಬಾರಿ ತೋಳು ಜಗ್ಗಿದಾಗ ಯಾರೂ ನೆನಪಿಸುವುದಿಲ್ಲ. ಇವನ್ನು ನಾವು ಪರೀಕ್ಷೆಯೆಂದು ಪರಿಗಣಿಸುವುದೂ ಇಲ್ಲ. ನಾಲಿಗೆ ಹೆಚ್ಚಾಗಿ ಜಾರುವುದು ಇಲ್ಲಿಯೇ.

'ಏನು ಮಾಡಲಿ, ಕೋಪ ತಾನಾಗಿ ಬರುತ್ತದೆ' ಎಂಬುದು ನಮ್ಮ ಸಮರ್ಥನೆ. ಕಿರಿಕಿರಿ ತಾನಾಗಿ ಬರುವುದು ನಿಜ, ಅದು ಮನುಷ್ಯ ಸಹಜ. ಆದರೆ ಮೇಲಧಿಕಾರಿಯು ಒಂದು ಗಂಟೆ ಕಾಯಿಸಿದರೂ ನಾವು ನಗುಮುಖದಿಂದಲೇ ನಿಲ್ಲುತ್ತೇವೆ. ಅದೇ ಸಂಜೆ ಪತ್ನಿ ಬಾಗಿಲು ತೆರೆಯಲು ಎರಡು ನಿಮಿಷ ತಡಮಾಡಿದರೆ ಸಿಡುಕುತ್ತೇವೆ. ಅಂದರೆ ಸಹನೆ ನಮ್ಮಲ್ಲಿಲ್ಲವೆಂದಲ್ಲ. ಅದನ್ನು ಯಾರಿಗೆ ತೋರಿಸಬೇಕೆಂದು ನಾವೇ ಆರಿಸಿಕೊಳ್ಳುತ್ತಿದ್ದೇವೆ!

ಪವಿತ್ರ ಕುರ್‌ಆನ್‌ನ 80ನೇ ಅಧ್ಯಾಯ 'ಅಬಸ'ದ ಹಿನ್ನೆಲೆಯನ್ನು ಗಮನಿಸಿರಿ. ಪ್ರವಾದಿವರ್ಯರು(ಸ) ಮಕ್ಕಾದ ಮುಖಂಡರಿಗೆ ಸತ್ಯಸಂದೇಶವನ್ನು ತಿಳಿಸುತ್ತಿದ್ದಾಗ ಅಂಧರಾದ ಇಬ್ನು ಉಮ್ಮಿ ಮಕ್ತೂಮ್(ರ) ಬಂದು ನಡುವೆ ಮಾತನಾಡಿದರು. ಪ್ರವಾದಿವರ್ಯರು(ಸ) ಹುಬ್ಬು ಗಂಟಿಕ್ಕಿ ಮುಖ ತಿರುಗಿಸಿದರು. ಅವರು ನಿರತರಾಗಿದ್ದುದು ಸ್ವಂತ ಕೆಲಸದಲ್ಲಲ್ಲ, ದೀನ್‌ನ ಕೆಲಸದಲ್ಲಿ. ಬಂದವರಿಗೆ ಆ ಮುಖಭಾವ ಕಾಣುವಂತೆಯೂ ಇರಲಿಲ್ಲ. ಆದರೂ ಅಲ್ಲಾಹನು ತನ್ನ ಪ್ರೀತಿಯ ಪ್ರವಾದಿಯನ್ನು ತಿದ್ದಿದನು. ಮುಂದೆ ಅದೇ ಇಬ್ನು ಉಮ್ಮಿ ಮಕ್ತೂಮ್(ರ) ಮದೀನಾದಲ್ಲಿ ಬಿಲಾಲ್(ರ)ರಂತೆ ಅಝಾನ್ ಕೊಡುವವರಾದರು.

ಕಣ್ಣಿಲ್ಲದವರ ಮುಂದೆ ಗಂಟಿಕ್ಕಿದ ಹುಬ್ಬಿಗೇ ಲೆಕ್ಕವಿದೆ. ನಮ್ಮ ಮಕ್ಕಳಿಗಾದರೋ ಕಣ್ಣುಗಳಿವೆ. ನನ್ನ ತರಗತಿಯಲ್ಲಿ ಒಬ್ಬ ಹುಡುಗ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದನು. ಒಂದು ದಿನ ನಾನು ಮುಖ ಸಿಂಡರಿಸಿಕೊಂಡೇ ಉತ್ತರಿಸಿದೆ. ಅಂದಿನಿಂದ ಅವನು ಕೇಳುವುದನ್ನೇ ಬಿಟ್ಟನು. ನನ್ನ ತರಗತಿಯಲ್ಲಿ ಶಿಸ್ತು ಮೂಡಿತೆಂದು ನಾನು ಬಹಳ ದಿನ ಸಮಾಧಾನಪಟ್ಟಿದ್ದೆ!

ಹಾಗೆಂದು ಎಲ್ಲವನ್ನೂ ಸುಮ್ಮನೆ ನೋಡುತ್ತಿರಬೇಕೆಂದಲ್ಲ. ಮಸೀದಿಯಲ್ಲಿ ವುಝೂ ಮಾಡಿ ನಳ್ಳಿ ತೆರೆದಿಟ್ಟು ಹೋಗುವವನಿಗೆ ಹೇಳಲೇಬೇಕು. ಆದರೆ ಅದು ಅವನು ತಿದ್ದಿಕೊಳ್ಳಲೆಂದು, ನಮ್ಮ ಮನಸ್ಸಿನ ಉರಿ ಆರಲೆಂದಲ್ಲ. ಇವೆರಡರ ಅಂತರವನ್ನು ಕೇಳುವವನು ಧ್ವನಿಯಿಂದಲೇ ತಿಳಿಯುತ್ತಾನೆ. ಧ್ವನಿ ಏರುವ ಮುನ್ನ ಒಂದು ಕ್ಷಣ ತಡೆದು, 'ಇದನ್ನು ಯಾರಿಗಾಗಿ ಹೇಳುತ್ತಿದ್ದೇನೆ?' ಎಂದು ಕೇಳಿಕೊಂಡರೆ ಅರ್ಧ ಕೋಪ ಅಲ್ಲಿಯೇ ಇಳಿಯುತ್ತದೆ.

ಹತ್ತು ವರ್ಷ ಸೇವೆ ಮಾಡಿದ ಅನಸ್(ರ), ಪ್ರವಾದಿವರ್ಯರು(ಸ) ತನಗೆ ಒಮ್ಮೆಯೂ 'ಛೆ' ಎನ್ನಲಿಲ್ಲವೆಂದು ಸಾಕ್ಷ್ಯ ನುಡಿದಿದ್ದಾರೆ. ನಮ್ಮ ಮನೆಯವರು ನಮ್ಮ ಬಗ್ಗೆ ಹತ್ತು ದಿನಗಳ ಮಟ್ಟಿಗಾದರೂ ಅಂತಹ ಸಾಕ್ಷ್ಯ ನುಡಿಯಬಲ್ಲರೇ? ಅಲ್ಲಾಹನು ನಮ್ಮ ಮುಖಗಳನ್ನು ನಮ್ಮವರ ಪಾಲಿಗೆ ಹಸನ್ಮುಖಗಳನ್ನಾಗಿಸಲಿ. ಆಮೀನ್.