ಸಾಲವೂ ಋಣವೂ

ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ಪಿಟ್‌ಬುಲ್ ತಳಿಯ ನಾಯಿಗಳಿಗೆ ನಿಷೇಧ ಬಂದದ್ದು 2005ರಲ್ಲಿ. ಆ ಕಾನೂನು ಮಾಡಿದವರ ಮನಸ್ಸಿನಲ್ಲಿ ಬೇಸ್‌ಬಾಲ್ ಇದ್ದಿರಲಾರದು. ಆದರೆ 2012ರ ನವೆಂಬರಿನಲ್ಲಿ ಮಯಾಮಿ ಮಾರ್ಲಿನ್ಸ್ ತಂಡ ಮಾರ್ಕ್ ಬರ್ಲಿ ಎಂಬ ಮೂವತ್ತಮೂರು ವರ್ಷದ ಪಿಚರ್‌ರನ್ನು ಟೊರಾಂಟೊ ಬ್ಲೂ ಜೇಸ್ ತಂಡಕ್ಕೆ ದಾಟಿಸಿತು. ಬರ್ಲಿಯವರ ಮನೆಯಲ್ಲಿ ಸ್ಲೇಟರ್ ಎಂಬ ಪಿಟ್‌ಬುಲ್ ಇತ್ತು. ಟೊರಾಂಟೊ ಇರುವುದು ಒಂಟಾರಿಯೋದಲ್ಲಿ. ನಾಯಿಯನ್ನು ಯಾರಿಗಾದರೂ ಕೊಟ್ಟು ಕೈತೊಳೆದುಕೊಳ್ಳಲು ಆ ಕುಟುಂಬ ಒಪ್ಪಲಿಲ್ಲ. ಹೆಂಡತಿ, ಇಬ್ಬರು ಮಕ್ಕಳು, ನಾಯಿಗಳು ಅಮೆರಿಕದ ಸೇಂಟ್ ಲೂಯಿಸ್ ಬಳಿಯ ಮನೆಯಲ್ಲೇ ಉಳಿದರು. ಬರ್ಲಿ ಒಬ್ಬರೇ ಗಡಿ ದಾಟಿದರು.

ಕೋಟಿಗಟ್ಟಲೆ ಡಾಲರ್ ಎಣಿಸುವವನಿಗೆ ಇದೂ ಒಂದು ಕಷ್ಟವೇ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಹೊಟ್ಟೆಪಾಡಿಗಾಗಿ ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ದೂರ ಹೋದವರು ಲೋಕದ ತುಂಬ ಇದ್ದಾರೆ. ಅವರ ಹೆಸರು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಆದರೂ ಬರ್ಲಿಯವರ ಕತೆ ನನ್ನನ್ನು ಬಿಡದಿರುವುದಕ್ಕೆ ಕಾರಣ ಆ ದುಡ್ಡೇ. ಇಲ್ಲಿ ದುಡ್ಡಿನ ವಿಷಯದಲ್ಲಿ ಯಾರಿಗೂ ಮೋಸವಾಗಲಿಲ್ಲ. ಕರಾರಿನಲ್ಲಿ ಬರೆದ ಮೊತ್ತವೆಲ್ಲ ಸಂದಾಯವಾಯಿತು. ಹಾಗಿದ್ದೂ ಏನೋ ಮುರಿಯಿತು ಅನ್ನಿಸುತ್ತದೆ. ಬಡವನ ಕತೆಯಲ್ಲಾದರೆ ಆ ಮುರಿದದ್ದನ್ನು ಹಸಿವು ಮುಚ್ಚಿಬಿಡುತ್ತದೆ. ಇಲ್ಲಿ ಅದು ಬಯಲಾಗಿ ಕಾಣುತ್ತದೆ.

ಬೇಸ್‌ಬಾಲ್ ನೋಡದವರಿಗಾಗಿ ಒಂದು ಮಾತು. ಪಿಚರ್ ಎಂದರೆ ನಮ್ಮ ಬೌಲರ್ ಇದ್ದಂತೆ, ಆದರೆ ಆರು ಎಸೆತಕ್ಕೆ ಚೆಂಡು ಇನ್ನೊಬ್ಬರ ಕೈಗೆ ಹೋಗುವುದಿಲ್ಲ. ಆಟ ಶುರು ಮಾಡಿದವರು ಸುಸ್ತಾಗುವವರೆಗೆ ಎಸೆಯುತ್ತಲೇ ಇರಬೇಕು. ಭುಜ, ಮೊಣಕೈ ಎರಡನ್ನೂ ತಿಂದುಹಾಕುವ ಕೆಲಸ ಅದು. ಒಂದು ತಂಡ ವರ್ಷಕ್ಕೆ 162 ಪಂದ್ಯ ಆಡುತ್ತದೆ, ಪಂದ್ಯಕ್ಕೆ ಒಂಬತ್ತು ಇನಿಂಗ್ಸ್. ಅದರಲ್ಲಿ ಇನ್ನೂರು ಇನಿಂಗ್ಸನ್ನು ಒಬ್ಬರೇ ಎಸೆದರೆ ತಂಡದ ಏಳನೇ ಒಂದು ಭಾಗದಷ್ಟು ಹೊರೆ ಅವರ ತೋಳಿನ ಮೇಲೆ ಬಿತ್ತು ಎಂದರ್ಥ. ಬರ್ಲಿ 2001ರಿಂದ ವರ್ಷ ತಪ್ಪದೆ ಇನ್ನೂರಕ್ಕೂ ಹೆಚ್ಚು ಎಸೆದವರು. ವೇಗ ಗಂಟೆಗೆ ನೂರಮೂವತ್ತೇಳು ಕಿಲೋಮೀಟರಿನ ಆಸುಪಾಸು. ಆ ಮಟ್ಟದ ಆಟದಲ್ಲಿ ಅದು ನಿಧಾನವೆಂದೇ ಲೆಕ್ಕ. 1998ರಲ್ಲಿ ಹೊಸಬರನ್ನು ಆರಿಸುವಾಗ ಅವರ ಹೆಸರು ಕೇಳಿಬಂದದ್ದು ಮೂವತ್ತೆಂಟನೇ ಸುತ್ತಿನಲ್ಲಿ. ಅಂಥವರು 2009ರ ಜುಲೈ 23ರಂದು ಶಿಕಾಗೋ ವೈಟ್ ಸಾಕ್ಸ್ ಪರವಾಗಿ ಇಪ್ಪತ್ತೇಳು ಬ್ಯಾಟರುಗಳಲ್ಲಿ ಒಬ್ಬರನ್ನೂ ಮೊದಲ ಬೇಸ್ ಮುಟ್ಟಗೊಡದೆ ಪಂದ್ಯ ಮುಗಿಸಿದರು. ಅದಕ್ಕೆ ಹಿಡಿದದ್ದು ಎರಡು ಗಂಟೆ ಮೂರು ನಿಮಿಷ. ಚೆಂಡು ಕೈಗೆ ಬಂತೆಂದರೆ ತಡಮಾಡದೆ ಎಸೆಯುವುದು ಅವರ ರೀತಿ.

ಶಿಕಾಗೋದಲ್ಲಿ ಹನ್ನೆರಡು ವರ್ಷ ಆಡಿದ ಮೇಲೆ, 2011ರ ಡಿಸೆಂಬರಿನಲ್ಲಿ ಅವರು ಮಯಾಮಿಗೆ ಹೋದರು. ನಾಲ್ಕು ವರ್ಷಕ್ಕೆ 5.8 ಕೋಟಿ ಡಾಲರ್. ಶಿಕಾಗೋದಲ್ಲಿ ಅವರನ್ನು ನಡೆಸಿದ್ದ ಮ್ಯಾನೇಜರ್ ಒಜ್ಜಿ ಗೀಯೆನ್ ಕೂಡ ಅದೇ ವರ್ಷ ಮಯಾಮಿ ಸೇರಿದ್ದರು. ಲಿಟಲ್ ಹವಾನಾ ಬಡಾವಣೆಯಲ್ಲಿ, ಹಳೆಯ ಆರೆಂಜ್ ಬೌಲ್ ಇದ್ದ ಜಾಗದಲ್ಲಿ, ಹೊಸ ಕ್ರೀಡಾಂಗಣ ಏಳುತ್ತಿತ್ತು. ತಂಡದ ಹೆಸರು ಹೊಸದು, ಸಮವಸ್ತ್ರ ಹೊಸದು. ಮಯಾಮಿ-ಡೇಡ್ ಕೌಂಟಿಯಲ್ಲೂ ಪಿಟ್‌ಬುಲ್ ನಿಷೇಧವಿದ್ದುದರಿಂದ ಸ್ಲೇಟರ್‌ಗಾಗಿ ಕುಟುಂಬ ಪಕ್ಕದ ಬ್ರೋವರ್ಡ್ ಕೌಂಟಿಯಲ್ಲಿ ಮನೆ ಮಾಡಿತು.

ಆ ಕರಾರಿನ ಆಕಾರವನ್ನು ಗಮನಿಸಬೇಕು. ರುಜು ಹಾಕಿದ್ದಕ್ಕೆ ಕೊಡುವ ಬೋನಸ್ ಬಿಟ್ಟರೆ, ಮೊದಲ ವರ್ಷ ಸಂಬಳ 60 ಲಕ್ಷ ಡಾಲರ್, ಎರಡನೆಯ ವರ್ಷ 1.1 ಕೋಟಿ, ಆಮೇಲೆ 1.8 ಕೋಟಿ, ಕೊನೆಯಲ್ಲಿ 1.9 ಕೋಟಿ. ಹಿಂಭಾರದ ಗಾಡಿ. ಗಾಡಿಯ ಹಿಂದೆ ಅಷ್ಟೊಂದು ಮೂಟೆ ಪೇರಿಸುವಾಗಲೇ ಅದನ್ನು ದಾರಿಯಲ್ಲಿ ಯಾರಿಗಾದರೂ ಒಪ್ಪಿಸುವ ಯೋಚನೆ ಇತ್ತೇ? ಮಾಲೀಕ ಜೆಫ್ರಿ ಲೋರಿಯಾರ ಮನಸ್ಸಿನೊಳಗೆ ಇಣುಕಲು ನನಗೆ ಸಾಧ್ಯವಿಲ್ಲ. ನಡೆದದ್ದು ಇಷ್ಟು: 2012ರಲ್ಲಿ ತಂಡ 93 ಪಂದ್ಯ ಸೋತು ತನ್ನ ವಿಭಾಗದಲ್ಲಿ ಕೊನೆಯದಾಯಿತು. ಗೀಯೆನ್‌ರ ನಾಲ್ಕು ವರ್ಷದ ಕರಾರಿನಲ್ಲಿ ಮೂರು ವರ್ಷ ಬಾಕಿಯಿರುವಾಗಲೇ ಅವರನ್ನು ಅಕ್ಟೋಬರಿನಲ್ಲಿ ಕಳಿಸಿಬಿಟ್ಟರು. ನವೆಂಬರಿನಲ್ಲಿ ಬರ್ಲಿ, ಹೋಸೆ ರೇಯಸ್, ಜಾಶ್ ಜಾನ್ಸನ್ ಸೇರಿ ಐದು ಜನರನ್ನು ಒಂದೇ ಸಲಕ್ಕೆ ಟೊರಾಂಟೊಗೆ ಕೊಟ್ಟು, ಬದಲಿಗೆ ಏಳು ಜನರನ್ನು, ಬಹುಪಾಲು ಎಳೆಯರನ್ನು, ಪಡೆದರು. ಮಯಾಮಿಯ ಹೆಗಲಿನಿಂದ ಇಳಿದದ್ದು 16 ಕೋಟಿ ಡಾಲರಿಗೂ ಮಿಕ್ಕ ಸಂಬಳದ ಹೊರೆ. ಬರ್ಲಿ ಅಷ್ಟರಲ್ಲಿ ಮಯಾಮಿಗಾಗಿ ಇನ್ನೂರೆರಡು ಚಿಲ್ಲರೆ ಇನಿಂಗ್ಸ್ ಎಸೆದಿದ್ದರು. ತಮ್ಮ ಪಾಲಿನ ಕೆಲಸದಲ್ಲಿ ಅವರು ಒಂದು ಗುಲಗಂಜಿಯಷ್ಟೂ ಕಡಿಮೆ ಮಾಡಿರಲಿಲ್ಲ.

ಬರುವ ಮುಂಚೆ ತಮಗೆ ಹೇಳಿದ್ದು ಸುಳ್ಳಾಯಿತು ಎಂದು ಅವರು ಏಜೆಂಟರ ಮೂಲಕ ಹೇಳಿಕೆ ಕೊಟ್ಟರು. ನಿಮ್ಮನ್ನು ಬೇರೆಡೆ ಕಳಿಸುವುದಿಲ್ಲ ಎಂದು ಕರಾರಿನಲ್ಲಿ ಬರೆದುಕೊಡುವ ಪದ್ಧತಿ ಆ ತಂಡಕ್ಕಿರಲಿಲ್ಲ. ಇದ್ದದ್ದು ಬಾಯಿಮಾತು.

ಈ ವಹಿವಾಟನ್ನು ಯೋಚಿಸುವಾಗೆಲ್ಲ ನನಗೆ ನೆನಪಾಗುವುದು ನಮ್ಮ ಭಾಷೆ ಮಾಡಿಕೊಂಡಿರುವ ಒಂದು ಭೇದ. ಸಂಸ್ಕೃತದಲ್ಲಿ ಋಣವೆಂದರೆ ಸಾಲವೇ. ಕನ್ನಡದ ಬಾಯಿಗೆ ಬಂದ ಮೇಲೆ ಎರಡೂ ಬೇರೆಯಾದವು. ಸಾಲ ಅಂಗಡಿಯವನದು, ಬ್ಯಾಂಕಿನದು. ಋಣ ಅನ್ನದ್ದು, ನೀರಿನದು, ಮಣ್ಣಿನದು. ಊರು ಬಿಟ್ಟು ಹೊರಟವರು ಈ ಊರಿನ ನೀರಿನ ಋಣ ಇಷ್ಟೇ ಇತ್ತು ಅನ್ನುತ್ತಾರೆ, ಸಾಲ ಇಷ್ಟೇ ಇತ್ತು ಅನ್ನುವುದಿಲ್ಲ. ಸಾಲಕ್ಕೆ ಪತ್ರವಿದೆ, ಬಡ್ಡಿಯಿದೆ, ಗಡುವಿದೆ. ಮುಖ್ಯವಾಗಿ, ಸಾಲವನ್ನು ಒಬ್ಬರಿಂದ ಇನ್ನೊಬ್ಬರ ತಲೆಗೆ ಕಟ್ಟಬಹುದು. ಋಣಕ್ಕೆ ಆ ಗುಣವಿಲ್ಲ. ನಿಮ್ಮ ಮನೆಯಲ್ಲಿ ಉಂಡ ಅನ್ನದ ಋಣವನ್ನು ಪಕ್ಕದ ಮನೆಯವರು ತೀರಿಸುತ್ತಾರೆಂದು ನಾನು ಕಾಗದ ಬರೆದುಕೊಟ್ಟರೆ ನೀವು ನನ್ನ ಮುಖ ನೋಡುತ್ತೀರಿ.

ಮಾರ್ಲಿನ್ಸ್ ತಂಡ ಟೊರಾಂಟೊಗೆ ದಾಟಿಸಿದ್ದು ಸಾಲವನ್ನು. ಬರ್ಲಿಗೆ ಕೊಡಬೇಕಾದ ಉಳಿದ 4.8 ಕೋಟಿ ಡಾಲರನ್ನು ಇನ್ನು ಅವರು ಕೊಡುತ್ತಾರೆ, ಮುಗಿಯಿತು. ನಂಬಿ ಬಂದ ಒಬ್ಬ ಮನುಷ್ಯನ ವಿಷಯದಲ್ಲಿ, ಅವನು ನಾಯಿಗಾಗಿ ಹುಡುಕಿ ಮಾಡಿಕೊಂಡ ಮನೆಯ ವಿಷಯದಲ್ಲಿ, ಅವನು ಎಸೆದ ಆ ಇನ್ನೂರು ಚಿಲ್ಲರೆ ಇನಿಂಗ್ಸಿನ ವಿಷಯದಲ್ಲಿ ಮಯಾಮಿಗಿದ್ದದ್ದು ಇನ್ನೊಂದು. ಅದು ಯಾರಿಗೂ ದಾಟಲಿಲ್ಲ, ತೀರಲೂ ಇಲ್ಲ. ಕರಾರಿನ ಪ್ರತಿ ಅಕ್ಷರ ನಡೆದರೂ ಮುರಿದಂತೆ ತೋರುವುದು ಅದೇ ಇರಬೇಕು.

ಆದರೆ ನಮ್ಮ ಮಾತಿನೊಳಗೇ ಒಂದು ಓರೆ ಇದೆ, ಅದನ್ನೂ ಹೇಳದೆ ಮುಂದೆ ಹೋಗಲಾರೆ. ಉಪ್ಪಿನ ಋಣ ಎನ್ನುತ್ತೇವೆ. ಅದನ್ನು ಸದಾ ಹೊರಬೇಕಾದವನು ಉಂಡವನು, ದುಡಿದವನು. ಉಣ್ಣಿಸಿದ ಧಣಿಗೆ ದುಡಿದವನ ಬೆವರಿನ ಋಣ ಎಷ್ಟು ಎಂದು ಕೇಳುವ ನುಡಿಗಟ್ಟು ನನಗೆ ಹೊಳೆಯುತ್ತಿಲ್ಲ. ನಿಷ್ಠೆಯ ನಿರೀಕ್ಷೆ ಕೆಳಗಿನಿಂದ ಮೇಲಕ್ಕೆ ಮಾತ್ರ ಹರಿಯುವುದು ಬೇಸ್‌ಬಾಲ್ ಲೋಕದಲ್ಲೂ ಹಾಗೆಯೇ ಇತ್ತು. ದಶಕಗಳ ಕಾಲ ಬೇಸ್‌ಬಾಲ್ ಆಟಗಾರ ತನ್ನ ತಂಡವನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಳ್ಳುವಂತಿರಲಿಲ್ಲ. ತಂಡ ಮಾತ್ರ ಅವನನ್ನು ಬೇಕೆಂದಲ್ಲಿಗೆ ಕಳಿಸಬಹುದಿತ್ತು.

ಅದನ್ನು ಎದುರಿಸಿ ನಿಂತವರು ಕರ್ಟ್ ಫ್ಲಡ್. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದಲ್ಲಿ ಹನ್ನೆರಡು ವರ್ಷ ಆಡಿದ ಕಪ್ಪು ಆಟಗಾರ. 1969ರ ಅಕ್ಟೋಬರಿನಲ್ಲಿ ಅವರನ್ನು ಫಿಲಡೆಲ್ಫಿಯಾಗೆ ಕೊಟ್ಟಾಗ ಅವರು ಹೋಗಲಿಲ್ಲ. ಇಷ್ಟು ವರ್ಷ ದುಡಿದ ಮೇಲೆ, ಕೇಳದೆ ಕೊಂಡು ಮಾರುವ ಆಸ್ತಿ ತಾನಲ್ಲ ಎಂದು ಡಿಸೆಂಬರ್ 24ರಂದು ಬೇಸ್‌ಬಾಲ್ ಕಮಿಷನರ್ ಬೋವೀ ಕುನ್‌ಗೆ ಪತ್ರ ಬರೆದರು. ಆಗ ಅವರಿಗೆ ವರ್ಷಕ್ಕೆ 90,000 ಡಾಲರ್ ಬರುತ್ತಿತ್ತು, ಆ ಕಾಲಕ್ಕೆ ದೊಡ್ಡ ಸಂಬಳ. ಅಷ್ಟು ಸಂಬಳ ಪಡೆಯುವವನಿಗೆ ದೂರೇನು ಎಂದು ಅವರನ್ನೂ ಕೇಳಿದರು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿ 1972ರಲ್ಲಿ ಐದು-ಮೂರರ ತೀರ್ಪಿನಿಂದ ಬಿದ್ದುಹೋಯಿತು. ಅವರ ಆಟದ ಬದುಕೂ ಅಲ್ಲಿಗೆ ಮುಗಿದಿತ್ತು.

ಆ ಹೋರಾಟದ ಬೆನ್ನಿಗೇ, 1973ರಲ್ಲಿ, ಒಂದು ನಿಯಮ ಬಂತು. ಹತ್ತು ವರ್ಷ ಆಡಿದ, ಅದರಲ್ಲಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿದ್ದ ಆಟಗಾರನನ್ನು ಅವನ ಒಪ್ಪಿಗೆಯಿಲ್ಲದೆ ಬೇರೆಡೆ ಕಳಿಸುವಂತಿಲ್ಲ. ಒಂದು ನೆಲದಲ್ಲಿ ಇಷ್ಟು ಕಾಲ ಬೆವರು ಸುರಿಸಿದರೆ ಆ ನೆಲದ ಮೇಲೆ ನಿನಗೂ ಒಂದು ಮಾತಿದೆ ಎಂದು ಒಪ್ಪಿಕೊಂಡ ನಿಯಮ ಅದು. ಋಣವನ್ನು ಕಾನೂನಿನ ಭಾಷೆಯಲ್ಲಿ ಬರೆಯಲು ಯಾರಾದರೂ ಪ್ರಯತ್ನಿಸಿದ್ದರೆ ಅದು ಇದೇ ಎಂದು ನನಗೆ ತೋರುತ್ತದೆ. ಶಿಕಾಗೋ ಬಿಡುವ ಹೊತ್ತಿಗೆ ಬರ್ಲಿಗೆ ಈ ಹಕ್ಕು ಇತ್ತು. ಮಯಾಮಿಯ ಕರಾರಿಗೆ ರುಜು ಹಾಕಿದ ಕ್ಷಣ ಅದು ಹೋಯಿತು. ಐದು ವರ್ಷದ ಲೆಕ್ಕ ಹೊಸ ಊರಿನಲ್ಲಿ ಮತ್ತೆ ಒಂದರಿಂದ. ಹಳೆಯ ಮರವನ್ನು ಕಿತ್ತು ನೆಟ್ಟರೆ ಅದು ಸಸಿಯ ಹಾಗೆಯೇ ಮೊದಲಿನಿಂದ ಬೇರು ಬಿಡಬೇಕು. ಅದಕ್ಕೆ ಒಂದೇ ಒಂದು ಮಳೆಗಾಲವನ್ನು ಮಯಾಮಿ ಕೊಟ್ಟಿತು.

ಇನ್ನೊಂದು ಮಗ್ಗುಲನ್ನು ನಾನು ಮುಚ್ಚಿಡಬಾರದು. ಟೊರಾಂಟೊದಿಂದ ಬಂದವರಲ್ಲಿ ಹೆಂಡರ್ಸನ್ ಆಲ್ವಾರೆಜ್ ಎಂಬ ವೆನೆಜುವೆಲಾದ ಯುವಕ ಪಿಚರ್ ಇದ್ದರು. 2013ರ ಸೆಪ್ಟೆಂಬರ್ 29, ಋತುವಿನ ಕೊನೆಯ ದಿನ, ಡೆಟ್ರಾಯಿಟ್ ವಿರುದ್ಧ ಎದುರಾಳಿಗೆ ಒಂದೂ ಹಿಟ್ ಕೊಡದೆ ಪಂದ್ಯ ಮುಗಿಸಿದರು. ಆ ವರ್ಷ ನೂರು ಪಂದ್ಯ ಸೋತಿದ್ದ ತಂಡದ ಕ್ರೀಡಾಂಗಣದಲ್ಲಿ ಆ ಮಧ್ಯಾಹ್ನ ಕುಣಿದಾಡಿದ ಹುಡುಗರನ್ನು ನೋಡಿದರೆ, ಹಿರಿಯರು ಜಾಗ ಬಿಡದೆ ಕಿರಿಯರಿಗೆ ಜಾಗ ಎಲ್ಲಿಂದ ಬರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆ ಮಾತು ನಿಜ. ವಯಸ್ಸಾದ ತೋಳಿಗೆ ಹೆಚ್ಚು ಕೊಟ್ಟು ಕುಳಿತ ತಂಡ ಬಡವಾಗುತ್ತದೆ ಎಂಬುದೂ ನಿಜ. ಆದರೆ ಸಾಗುವಳಿಗಾಗಿ ಮರ ಕಡಿಯುವುದಕ್ಕೂ ಸೌದೆ ಮಾರಲು ಕಡಿಯುವುದಕ್ಕೂ ಅಂತರವಿದೆ. ಮಾರ್ಲಿನ್ಸ್ 1997ರಲ್ಲಿ ವಿಶ್ವ ಸರಣಿ ಗೆದ್ದು, ಆ ಚಳಿಗಾಲದಲ್ಲೇ ಕೆವಿನ್ ಬ್ರೌನ್, ಅಲ್ ಲೈಟರ್ ಎಂಬ ಗೆದ್ದುಕೊಟ್ಟ ಪಿಚರುಗಳನ್ನು ಮಾರಿಕೊಂಡು, ಮರುವರ್ಷ 108 ಪಂದ್ಯ ಸೋತಿತ್ತು. 2003ರಲ್ಲಿ ಮತ್ತೆ ಗೆದ್ದು, 2005ರಲ್ಲಿ ಆ ಗೆಲುವಿನ ಪಿಚರ್ ಜಾಶ್ ಬೆಕೆಟ್‌ರನ್ನು ಬಾಸ್ಟನ್ನಿಗೆ ಕೊಟ್ಟಿತ್ತು. ಮಾಲೀಕರು ಬದಲಾದರೂ ಚಾಳಿ ಬದಲಾಗಲಿಲ್ಲ. ಹಾಗಾಗಿ 2012ರಲ್ಲಿ ಅಲ್ಲಿನ ಜನಕ್ಕೆ ಆಶ್ಚರ್ಯಕ್ಕಿಂತ ಹೆಚ್ಚಾಗಿ ಆದದ್ದು ಅವಮಾನ.

ಏಕೆಂದರೆ ಆ ಹೊಸ ಕ್ರೀಡಾಂಗಣದ ಹೆಚ್ಚಿನ ಪಾಲು ಎದ್ದದ್ದು ಜನರ ದುಡ್ಡಿನಲ್ಲಿ. ಅದಕ್ಕೆ ಒಪ್ಪಿಗೆ ಕೊಟ್ಟದ್ದೂ ಸೇರಿದಂತೆ ಹಲವು ಕಾರಣಕ್ಕೆ ಕೌಂಟಿಯ ಮೇಯರನ್ನು 2011ರಲ್ಲಿ ಮತದಾರರೇ ಕೆಳಗಿಳಿಸಿದ್ದರು. ಅದಕ್ಕಾಗಿ ಎತ್ತಿದ ಸಾಲದ ಕಂತುಗಳು 2040ರ ದಶಕದವರೆಗೂ ಹಬ್ಬಿವೆ. ಲೋರಿಯಾ 2017ರಲ್ಲಿ ತಂಡವನ್ನು 120 ಕೋಟಿ ಡಾಲರಿಗೆ ಮಾರಿ ಹೊರಟುಹೋದರು. ಆಟಗಾರರ ಸಾಲ ಟೊರಾಂಟೊಗೆ ದಾಟಿತು. ಗೋಡೆಗಳ ಸಾಲ ಮಾತ್ರ ಎಲ್ಲಿಗೂ ದಾಟದೆ, ಒಂದು ವರ್ಷ ಬರ್ಲಿಯವರ ಆಟ ನೋಡಿದ ಆ ಊರಿನವರ ತಲೆಯ ಮೇಲೆ ಉಳಿಯಿತು.

ಬರ್ಲಿ ಟೊರಾಂಟೊದಲ್ಲಿ ಮೂರು ವರ್ಷ ಎಸೆದರು. ಸಿಟ್ಟಿನಿಂದ ಕೈ ಬಿಗಿಹಿಡಿಯಲಿಲ್ಲ. 2013ರಲ್ಲೂ 2014ರಲ್ಲೂ ಇನ್ನೂರು ದಾಟಿದರು. ಅಲ್ಲಿಗೆ ಹದಿನಾಲ್ಕು ವರ್ಷ ಸತತ. 2015ರ ಅಕ್ಟೋಬರ್ 2ರಂದು, ಫ್ಲಾರಿಡಾದ ಟ್ಯಾಂಪಾ ಬೇಯಲ್ಲಿ, ಆರೂ ಮುಕ್ಕಾಲಿನ ಹತ್ತಿರ ಇನಿಂಗ್ಸ್ ಎಸೆದಾಗ ಆ ವರ್ಷದ ಲೆಕ್ಕ 198ಕ್ಕೆ ಬಂದು ನಿಂತಿತು. ಟೊರಾಂಟೊ ಆಗಲೇ ವಿಭಾಗ ಗೆದ್ದಿತ್ತು. ಇಪ್ಪತ್ತೆರಡು ವರ್ಷಗಳ ನಂತರ ಪ್ಲೇಆಫ್ ಸೇರಿತ್ತು. ಇನ್ನು ಒಂದೇ ಒಂದು ವಿಶ್ರಾಂತಿಯ ದಿನ, ಆಮೇಲೆ ಋತುವಿನ ಕೊನೆಯ ಪಂದ್ಯ. ಮೂವತ್ತಾರು ವರ್ಷದ ತೋಳು. ಆ ಎರಡು ಇನಿಂಗ್ಸನ್ನು ಅವರಿಂದ ಯಾರೂ ಬಾಕಿ ಕೇಳಿರಲಿಲ್ಲ.

ಅಕ್ಟೋಬರ್ 4ರಂದು ಅವರು ಮತ್ತೆ ಚೆಂಡು ಹಿಡಿದು ಇಳಿದರು. ಇನಿಂಗ್ಸಿಗೆ ಮೂರರಂತೆ ಬೇಕಿದ್ದದ್ದು ಆರು ಔಟು. ಹಿಂದೆ ನಿಂತವರ ಕೈ ತಪ್ಪಿತು, ಹಿಟ್‌ಗಳು ಬಿದ್ದವು, ಎಂಟು ರನ್ ಹೋದವು. ಅವುಗಳಲ್ಲಿ ಒಂದನ್ನೂ ನಿಯಮದ ಪ್ರಕಾರ ಪಿಚರ್‌ರ ಲೆಕ್ಕಕ್ಕೆ ಬರೆಯುವಂತಿರಲಿಲ್ಲ. ಎರಡು ಔಟಾದ ಮೇಲೆ ಮ್ಯಾನೇಜರ್ ಬಂದು ಚೆಂಡು ತೆಗೆದುಕೊಂಡರು. 198 ಇನಿಂಗ್ಸ್, ಮೇಲೆ ಎರಡು ಔಟು. ನಾಲ್ಕು ಔಟು ಕಡಿಮೆ.

ಪ್ಲೇಆಫ್ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಕರಾರು ಆ ವರ್ಷಕ್ಕೆ ಮುಗಿಯಿತು. ಬೀಳ್ಕೊಡುಗೆಯ ಭಾಷಣವಿಲ್ಲದೆ ಅವರು ಆಟ ಬಿಟ್ಟರು. 2017ರ ಜೂನ್ 24ರಂದು ಶಿಕಾಗೋ ಅವರನ್ನು ಕರೆಸಿ, ಅವರು ತೊಟ್ಟಿದ್ದ 56ನೇ ಸಂಖ್ಯೆಯ ಅಂಗಿಯನ್ನು ಆ ತಂಡದಲ್ಲಿ ಇನ್ನು ಯಾರೂ ತೊಡುವುದಿಲ್ಲ ಎಂದು ಘೋಷಿಸಿತು. ಅದಕ್ಕೆ ಕರಾರು ಇರಲಿಲ್ಲ.