ಹಿತ್ತಲ ಗಿಡದ ಸಾಕ್ಷಿ

ಹಿತ್ತಲ ಗಿಡ ಮದ್ದಲ್ಲ. ಈ ಗಾದೆಯನ್ನು ನಾವು ಎತ್ತಿಕೊಳ್ಳುವುದು ಬಹುಮಟ್ಟಿಗೆ ನೊಂದುಕೊಂಡಾಗ: ಊರಿನವನಿಗೆ ಊರಲ್ಲಿ ಬೆಲೆಯಿಲ್ಲ, ಮನೆಯವರ ಮಾತಿಗೆ ಮನೆಯಲ್ಲಿ ಕಿವಿಯಿಲ್ಲ ಎನ್ನುವುದಕ್ಕೆ. ಗಾದೆಯನ್ನು ಅದರ ಹಿತ್ತಲಿಗೇ, ನಿಜವಾದ ಗಿಡ ಮತ್ತು ನಿಜವಾದ ಕಾಯಿಲೆಯ ನಡುವೆಯೇ ಇಟ್ಟು ನೋಡಿದರೆ ಬೇರೊಂದು ಪ್ರಶ್ನೆ ಏಳುತ್ತದೆ. ಒಂದು ಸೊಪ್ಪನ್ನೋ ಒಂದು ದೈವವನ್ನೋ ನಾವು ನಂಬತೊಡಗುವುದು ಯಾವಾಗ? ಹಿರಿಯರು ಹೇಳಿದಾಗಲೋ, ನಮ್ಮ ಮೈಮೇಲೆ ಕಂಡಾಗಲೋ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಈ ಸೀಮೆಯಲ್ಲಿ ಇದು ದಿನನಿತ್ಯದ ಪ್ರಶ್ನೆ. ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟ ಹತ್ತುವವರಿಗೆ ಗುಹೆಯ ಸಿದ್ಧೇಶ್ವರ, ಅಲ್ಲಿ ಒಸರುವ ನೀರು, ಬೆಟ್ಟದ ಬೇರು ಮೂರೂ ಒಂದೇ ಹರಕೆಯೊಳಗಿನ ಮಾತು. ಶಿರಾ ಕಡೆಯ ಕಾಡುಗೊಲ್ಲರು ಗಣೆ ಊದಿ ಜುಂಜಪ್ಪನ ಕಥೆ ಹಾಡುತ್ತಾರೆ. ವಿಷಜಂತುವಿನ ಭಯ ಬಂದಾಗ ನೆನೆಯುವ ಹೆಸರೂ ಅವನದೇ. ಇವರಲ್ಲಿ ಯಾರೂ ಪುಸ್ತಕ ಓದಿ ನಂಬಿದವರಲ್ಲ. "ನಮ್ಮಜ್ಜಿಗೆ ವಾಸಿಯಾಯ್ತು, ನಂಗೂ ಆಯ್ತು" ಎನ್ನುವುದೇ ಅವರ ಶಾಸ್ತ್ರ. ಈ ಮಾತನ್ನು ಮೂಢನಂಬಿಕೆ ಎಂದು ತಳ್ಳಿಬಿಡುವವರ ಜೊತೆ ನಾನಿಲ್ಲ. ಕಂಡದ್ದನ್ನು ಕಂಡಂತೆ ಹೇಳುವುದರಲ್ಲಿ ಒಂದು ಪ್ರಾಮಾಣಿಕತೆಯಿದೆ.

ಆದರೆ ಕಂಡದ್ದೇನು? ಸರ್ಪಸುತ್ತನ್ನೇ ತೆಗೆದುಕೊಳ್ಳಿ. ಸೊಂಟದ ಒಂದು ಬದಿಗೆ ಗುಳ್ಳೆಗಳು ಸಾಲುಗಟ್ಟಿ ಏಳುತ್ತವೆ. ತಲೆ ಬಾಲ ಕೂಡಿದರೆ ಜೀವ ಹೋಗುತ್ತದೆಂಬ ಭಯ. ಕೆಮ್ಮಣ್ಣು ಹಚ್ಚಿಸಿಕೊಳ್ಳುತ್ತಾರೆ, ನಾಗಪ್ಪನಿಗೆ ಹಾಲೆರೆಯುತ್ತಾರೆ. ಎರಡು ಮೂರು ವಾರದಲ್ಲಿ ಗುಳ್ಳೆ ಬತ್ತುತ್ತದೆ. ಕಂಡದ್ದು ಸುಳ್ಳಲ್ಲ. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ತಂದ ವೈರಸ್ಸೇ ನರದಲ್ಲಿ ಅಡಗಿದ್ದು ಮತ್ತೆ ತಲೆಯೆತ್ತುತ್ತದೆ, ಆ ನರ ಮೈಯ ಒಂದೇ ಬದಿಗೆ ಹರಡಿರುವುದರಿಂದ ಸುತ್ತು ಸಾಮಾನ್ಯವಾಗಿ ಕೂಡುವುದಿಲ್ಲ. ಎರಡರಿಂದ ನಾಲ್ಕು ವಾರದಲ್ಲಿ ಹಕ್ಕಳೆ ಉದುರುವುದು ಅದರ ಗುಣ. ಕೆಲವರಿಗೆ, ಅದರಲ್ಲೂ ವಯಸ್ಸಾದವರಿಗೆ, ಉರಿ ತಿಂಗಳುಗಟ್ಟಲೆ ಉಳಿಯುತ್ತದೆ. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ತಡೆಯುವ ಮಾತ್ರೆ ಸಿಕ್ಕರೆ ಅನುಕೂಲ ಹೆಚ್ಚು. ಕೆಮ್ಮಣ್ಣಿನ ತಂಪು ಸುಖ ಕೊಟ್ಟೀತು, ಹಚ್ಚಿದ ಕೈಯ ಧೈರ್ಯ ದೊಡ್ಡದು. ಗುಣವಾದ ಕೀರ್ತಿ ಮಾತ್ರ ಅವಕ್ಕೆ ಸಲ್ಲುವಂಥದ್ದಲ್ಲ.

ಕಾಮಾಲೆಗೆ ಕೊಡುವ ನೆಲನೆಲ್ಲಿಯ ಕಥೆ ಗಾದೆಗೆ ಇನ್ನೂ ಹತ್ತಿರದ್ದು. ಹೆಪಟೈಟಿಸ್ ಬಿ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಈ ಹಿತ್ತಲ ಗಿಡದ ಬೆನ್ನು ಹತ್ತಿದ್ದರು. ಚೆನ್ನೈನ ಎಸ್. ಪಿ. ತ್ಯಾಗರಾಜನ್ ಮತ್ತು ಅವರು ಸೇರಿ ನಡೆಸಿದ ಪ್ರಯೋಗ 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಗಿಡ ಕೆಲಸ ಮಾಡಿದಂತೆ ಕಂಡಿತ್ತು. ಆಮೇಲೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಆ ಫಲ ಮರಳಿ ಸಿಗಲಿಲ್ಲ. ಇದರಿಂದ ಗಿಡಕ್ಕೆ ಅವಮಾನವಾಯಿತು ಎಂದು ನನಗೆ ಅನಿಸುವುದಿಲ್ಲ. ನಮ್ಮ ಹಿತ್ತಲಿನದನ್ನು ಅವರು ಅಷ್ಟು ಗಂಭೀರವಾಗಿ ತೆಗೆದುಕೊಂಡರು. ಕಾಮಾಲೆಯಲ್ಲಿ ಹಲವು ಬಗೆ. ಹೆಪಟೈಟಿಸ್ ಎ ಬಹುಪಾಲು ತಾನಾಗಿ ಇಳಿಯುತ್ತದೆ, ಮತ್ತೊಂದು ಬಗೆ ಒಳಗೊಳಗೇ ಯಕೃತ್ತನ್ನು ತಿನ್ನುತ್ತದೆ. ವಾಸಿಯಾದವನು ಊರೆಲ್ಲ ಹೇಳಿಕೊಂಡು ಬರುತ್ತಾನೆ. ವಾಸಿಯಾಗದವನು ಹೇಳಲು ಉಳಿದಿರುವುದಿಲ್ಲ.

ಹಾವಿನ ವಿಷಯದಲ್ಲಿ ಇಷ್ಟು ವಿಚಾರಕ್ಕೂ ಸಮಯವಿಲ್ಲ. ಕಚ್ಚಿದ ಎಷ್ಟೋ ಹಾವುಗಳಿಗೆ ವಿಷವೇ ಇರುವುದಿಲ್ಲ, ವಿಷದ ಹಾವೂ ಪ್ರತಿ ಸಲ ವಿಷ ಬಿಡುವುದಿಲ್ಲ. ಆಗ ಕಟ್ಟಿದ ದಾರಕ್ಕೆ ಹೆಸರು ಬರುತ್ತದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ವಿಷ ಬಿಟ್ಟಿದ್ದರೆ ಆಸ್ಪತ್ರೆಯ ಪ್ರತಿವಿಷವೊಂದೇ ದಾರಿ. ಜುಂಜಪ್ಪನನ್ನು ಆಂಬುಲೆನ್ಸಿನಲ್ಲಿ ಕೂತೂ ನೆನೆಯಬಹುದು.

ಹಾಗಾದರೆ ಅನುಭವದಿಂದ ಹುಟ್ಟಿದ ನಂಬಿಕೆಗೆ ಜಾಗವೆಲ್ಲಿ? ಪಾವಗಡವನ್ನು ನೋಡಿ. ಶನಿಮಹಾತ್ಮನ ಗುಡಿಗೆ ಸಂಕಟ ಹೊತ್ತು ಜನ ಬರುವ ಆ ಊರಲ್ಲೇ ಶ್ರೀರಾಮಕೃಷ್ಣ ಸೇವಾಶ್ರಮ ಕುಷ್ಠ, ಕ್ಷಯದವರಿಗೆ ಚಿಕಿತ್ಸೆ ಕೊಡುತ್ತ ಬಂದಿದೆ. ಕುಷ್ಠವೆಂದರೆ ಪೂರ್ವಜನ್ಮದ ಪಾಪ ಎಂದು ನಂಬಿದ್ದ ನಾಡಿದು. ನಾರ್ವೆಯ ಹ್ಯಾನ್ಸೆನ್ 1873ರಲ್ಲೇ ರೋಗಾಣುವನ್ನು ಗುರುತಿಸಿದ್ದರೂ ಆ ಮಾತು ಹಳ್ಳಿಗೆ ಇಳಿಯಲಿಲ್ಲ. ಮಾತ್ರೆ ನುಂಗಿ ರೋಗ ಹೋದಾಗ, ಸನ್ಯಾಸಿಯೊಬ್ಬರು ಹತ್ತಿರ ಕೂತು ಆ ಕೈಯನ್ನು ಹಿಡಿದಾಗ, ರೋಗಿಗೆ ತಾನು ಪಾಪಿಯಲ್ಲವೆಂದು ತಿಳಿಯುತ್ತದೆ. ಇದೂ ಮೈಯಲ್ಲಿ ಕಂಡು ಕಟ್ಟಿಕೊಂಡ ನಂಬಿಕೆಯೇ. ಅಧ್ಯಾತ್ಮವೆಂದು ನಾನು ಕರೆಯುವುದು ಇದನ್ನು. ದೇವರು ತನ್ನನ್ನು ಕೈಬಿಟ್ಟಿಲ್ಲವೆಂದು ಆತ ಹೇಳಿದರೆ ಅದನ್ನು ಅಳೆಯಲು ಯಾವ ಪ್ರಯೋಗಶಾಲೆಯೂ ಬೇಡ.

ಸಿದ್ಧರಬೆಟ್ಟ ಹತ್ತುವವರು ಹತ್ತಲಿ. ತಂದ ಬೇರಿನ ಹೆಸರನ್ನು ಮಾತ್ರ ಡಾಕ್ಟರ ಮುಂದೆ ಮುಚ್ಚಿಡಬಾರದು; ಕೆಲವು ಬೇರುಗಳು ಯಕೃತ್ತಿಗೆ, ಮೂತ್ರಪಿಂಡಕ್ಕೆ ಹೊರೆಯಾಗುತ್ತವೆ, ಕೆಲವು ಮಾತ್ರೆಯ ಜೊತೆ ಕೂಡುವುದಿಲ್ಲ. ಡಾಕ್ಟರೂ ಗದರಿಸದೆ "ಏನಮ್ಮಾ, ಸೊಪ್ಪು ಗಿಪ್ಪು ಏನಾದ್ರೂ ತಗೊಂಡ್ರಾ?" ಎಂದು ಕೇಳಬೇಕು. ಗದರಿಸಿದರೆ ಆ ತಾಯಿ ಮುಂದಿನ ಸಲ ಬೇರು ಬಿಡುವುದಿಲ್ಲ, ಆಸ್ಪತ್ರೆ ಬಿಡುತ್ತಾಳೆ.